ತಡವಾಗಿ ಬಂದವರು ಯಾರು?

ಆಸ್ಪತ್ರೆಯ ಕಾಗದಗಳಲ್ಲಿ ಬರೆಯುವ ಒಂದು ಮಾತಿನ ಮೇಲೆ ನನಗೆ ಬಹಳ ಸಿಟ್ಟಿದೆ. ‘ರೋಗಿ ತಡವಾಗಿ ಬಂದರು’ ಎಂಬ ಮಾತು. ಇಂಗ್ಲಿಷಿನಲ್ಲಿ ಇನ್ನೂ ಚುಟುಕಾಗಿ ‘ಲೇಟ್ ಪ್ರೆಸೆಂಟೇಶನ್’ ಎಂದು ಬರೆದು ಕೆಳಗೊಂದು ರುಜು ಹಾಕಿಬಿಡುತ್ತಾರೆ. ಅಲ್ಲಿಗೆ ಎಲ್ಲರ ಲೆಕ್ಕವೂ ಚುಕ್ತಾ. ಮಾತ್ರೆ ಕೊಟ್ಟವರ ತಪ್ಪಿಲ್ಲ, ರಕ್ತ ಪರೀಕ್ಷೆ ಮಾಡಿಸದವರ ತಪ್ಪಿಲ್ಲ, ದೊಡ್ಡಾಸ್ಪತ್ರೆಯನ್ನು ಬೇರೆ ಜಿಲ್ಲೆಯಲ್ಲೇ ಉಳಿಸಿದ ಸರಕಾರಗಳ ತಪ್ಪಂತೂ ಇಲ್ಲವೇ ಇಲ್ಲ. ತಪ್ಪೆಲ್ಲ ಮಂಚದ ಮೇಲೆ ಮಲಗಿದವಳದು. ಅವಳು ತಡವಾಗಿ ಬಂದಳು.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳ ಹೆಂಗಸರ ಪರವಾಗಿ ಈ ಮಾತಿಗೆ ನಾನು ತಕರಾರು ಎತ್ತಬೇಕೆಂದಿದ್ದೇನೆ. ತಕರಾರಿಗೆ ಉದಾಹರಣೆಯಾಗಿ ಒಂದು ಕಾಯಿಲೆಯನ್ನು ಹಿಡಿದುಕೊಂಡಿದ್ದೇನೆ. 2021ರ ಬೇಸಿಗೆಯಲ್ಲಿ ಟಿವಿಯವರು ದಿನವಿಡೀ ‘ಬ್ಲ್ಯಾಕ್ ಫಂಗಸ್’ ಎಂದು ಕಿರುಚಿದರಲ್ಲ, ಅದು. ಕಿರುಚಾಟ ನಿಂತಿದೆ. ಕಾಯಿಲೆ ನಿಂತಿಲ್ಲ. ಕೊರೋನಾಕ್ಕೂ ಮೊದಲು ಅದು ನಮ್ಮ ದೇಶದಲ್ಲಿತ್ತು, ಈಗಲೂ ಇದೆ, ಸಕ್ಕರೆ ಕಾಯಿಲೆ ಇರುವವರೆಗೂ ಇರುತ್ತದೆ.

ಮೊದಲು ಅದರ ಹೆಸರನ್ನೇ ಸರಿಪಡಿಸೋಣ. ಆ ಬೂಷ್ಟು ಕಪ್ಪಲ್ಲ. ವೈದ್ಯರು ಅದನ್ನು ಮ್ಯೂಕರ್‌ಮೈಕೋಸಿಸ್ ಎನ್ನುತ್ತಾರೆ. ಇದನ್ನು ತರುವ ಬೂಷ್ಟುಗಳಲ್ಲಿ ರೈಜೋಪಸ್ ಎಂಬುದು ಮುಖ್ಯ, ಅದು ನಮಗೆ ಹೊಸಬನೇನೂ ಅಲ್ಲ. ಮಳೆಗಾಲದಲ್ಲಿ ಮರೆತು ಇಟ್ಟ ಬ್ರೆಡ್ಡಿನ ಮೇಲೆ ಹತ್ತಿಯಂತೆ ಹಬ್ಬುತ್ತದಲ್ಲ, ಆ ಜಾತಿಯದು. ಮಣ್ಣಿನಲ್ಲಿ, ಗೊಬ್ಬರದ ಗುಂಡಿಯಲ್ಲಿ, ಕೊಳೆತ ದರಗಿನಲ್ಲಿ ಎಲ್ಲೆಲ್ಲೂ ಇರುತ್ತದೆ. ಅದರ ಕಣ್ಣಿಗೆ ಕಾಣದ ಬೀಜಗಳನ್ನು ನೀವೂ ನಾನೂ ದಿನವೂ ಉಸಿರಾಡುತ್ತೇವೆ, ಆರೋಗ್ಯವಂತ ದೇಹ ಅದನ್ನು ಮೂಗಿನಲ್ಲೇ ಮುಗಿಸಿಬಿಡುತ್ತದೆ. ಆದರೆ ರಕ್ತದಲ್ಲಿ ಸಕ್ಕರೆ ಹತೋಟಿ ತಪ್ಪಿದ್ದರೆ, ಸ್ಟೀರಾಯ್ಡ್ ಮಾತ್ರೆಗಳಿಂದ ಮೈಯ ಕಾವಲು ಸಡಿಲಾಗಿದ್ದರೆ, ರಕ್ತದ ಕ್ಯಾನ್ಸರಿಗೋ ಮೂತ್ರಪಿಂಡ ಕಸಿಗೋ ಚಿಕಿತ್ಸೆ ನಡೆದಿದ್ದರೆ, ಆ ಬೀಜ ಮೂಗಿನ ಒಳಪೊರೆಯಲ್ಲಿ ಮೊಳೆಯುತ್ತದೆ. ಬೇರು ಬಿಡುವುದು ರಕ್ತನಾಳದೊಳಗೆ. ನಾಳ ಕಟ್ಟಿಕೊಳ್ಳುತ್ತದೆ, ರಕ್ತ ಹೋಗದ ಮಾಂಸ ಸಾಯುತ್ತದೆ, ಸತ್ತ ಮಾಂಸ ಕಪ್ಪಾಗುತ್ತದೆ. ಟಿವಿಯಲ್ಲಿ ತೋರಿಸಿದ ಕಪ್ಪು ಬೂಷ್ಟಿನದಲ್ಲ, ನಮ್ಮದೇ ಸತ್ತ ಮಾಂಸದ್ದು.

ಮೂಗಿನಿಂದ ಸೈನಸ್ಸಿಗೆ, ಅಲ್ಲಿಂದ ಅಂಗಳಕ್ಕೆ, ಕೆನ್ನೆಯ ಮೂಳೆಗೆ, ಕಣ್ಣಿನ ಗೂಡಿಗೆ, ಕೊನೆಗೆ ಮಿದುಳಿಗೆ. ಇದು ಅದರ ದಾರಿ. ಈ ದಾರಿಯನ್ನು ಅದು ವರ್ಷಗಟ್ಟಲೆ ನಡೆಯುವುದಿಲ್ಲ, ಕೆಲವೇ ದಿನಗಳಲ್ಲಿ ಓಡಿಬಿಡುತ್ತದೆ. ಆದ್ದರಿಂದಲೇ ‘ತಡ’ ಎಂಬ ಮಾತಿಗೆ ಇಲ್ಲಿ ಅಷ್ಟು ಬೆಲೆ. ಬೇರೆ ಎಷ್ಟೋ ರೋಗಗಳಲ್ಲಿ ಒಂದು ವಾರ ಹೆಚ್ಚು ಕಡಿಮೆಯಾದರೆ ಔಷಧದ ಬಿಲ್ಲು ಹೆಚ್ಚಾಗುತ್ತದೆ. ಇಲ್ಲಿ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ.

2021ರ ಜೂನ್ 28ರ ಹೊತ್ತಿಗೆ ದೇಶದಲ್ಲಿ 40,845 ಜನರಿಗೆ ಈ ಕಾಯಿಲೆ ಬಂದಿದೆ, 3,129 ಜನ ತೀರಿಕೊಂಡಿದ್ದಾರೆ ಎಂದು ಕೇಂದ್ರ ಸರಕಾರವೇ ಲೆಕ್ಕ ಕೊಟ್ಟಿತು. ಅವರಲ್ಲಿ 26,187 ಜನರಿಗೆ ಸಕ್ಕರೆ ಕಾಯಿಲೆ ಇತ್ತು. 21,523 ಜನ ಸ್ಟೀರಾಯ್ಡ್ ತೆಗೆದುಕೊಂಡಿದ್ದರು. ಈ ಎರಡು ಅಂಕಿಗಳನ್ನು ಅಕ್ಕಿ ಆರಿಸುವ ಹಾಗೆ ಕಣ್ಣಿಟ್ಟು ನೋಡಿ. ಸಕ್ಕರೆ ಅಳೆಯಬಹುದಾದದ್ದು. ಸ್ಟೀರಾಯ್ಡ್ ಯಾರೋ ಒಬ್ಬರು ಬರೆದುಕೊಟ್ಟದ್ದು. ಇವೆರಡೂ ಆಕಾಶದಿಂದ ಬಿದ್ದ ವಿಪತ್ತುಗಳಲ್ಲ.

ಸ್ಟೀರಾಯ್ಡನ್ನು ನಾನು ಬೈಯುತ್ತಿಲ್ಲ. ಅದು ಉಸಿರು ಕಟ್ಟಿದ ಎಷ್ಟೋ ಕೊರೋನಾ ರೋಗಿಗಳ ಜೀವ ಉಳಿಸಿದೆ. 2020ರ ಜೂನ್ ತಿಂಗಳಲ್ಲೇ ಇಂಗ್ಲೆಂಡಿನ ದೊಡ್ಡ ಪ್ರಯೋಗವೊಂದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡಿನ ಬಗ್ಗೆ ಸ್ಪಷ್ಟವಾಗಿ ಹೇಳಿತ್ತು: ಆಮ್ಲಜನಕ ಬೇಕಾದವರಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಟ್ಟರೆ ಪ್ರಯೋಜನವಿದೆ, ಆಮ್ಲಜನಕ ಬೇಡದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ ಎಂದು. ಹೀಗಿದ್ದೂ ಮುಂದಿನ ವರ್ಷ ನಮ್ಮಲ್ಲಿ ಏನಾಯಿತು? ಬರೀ ಜ್ವರ, ಕೆಮ್ಮು ಇದ್ದವರಿಗೂ ಕಡಲೆ ಬೇಳೆ ಹಂಚಿದ ಹಾಗೆ ಸ್ಟೀರಾಯ್ಡ್ ಹಂಚಿದರು. ಫೋನಿನಲ್ಲಿ ಹೇಳಿ ಕೊಡಿಸಿದರು. ಪಕ್ಕದ ಮನೆಯವರಿಗೆ ಬರೆದ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಂದು ನುಂಗಿದವರೂ ಉಂಟು. ಸ್ಟೀರಾಯ್ಡ್ ಹೋದಲ್ಲಿ ಸಕ್ಕರೆ ಏರುತ್ತದೆ ಎಂಬುದು ವೈದ್ಯಕೀಯ ಓದಿದವರಿಗೆಲ್ಲ ಗೊತ್ತು. ಆದರೆ ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ನೋಡಿದವರು ಎಷ್ಟು ಮಂದಿ?

ನನ್ನ ಚಿಕ್ಕಮ್ಮನ ಕತೆಯನ್ನು ಇಲ್ಲಿ ಹೇಳಬೇಕು. ಹೆಸರುಗಳು ಬೇಡ, ಯಾವ ಕ್ಲಿನಿಕ್ಕು, ಯಾವ ಆಸ್ಪತ್ರೆ ಎಂಬುದೂ ಬೇಡ. ದಿನಗಳ ಲೆಕ್ಕ ಮಾತ್ರ ಸಾಕು. ಶರಾವತಿಯ ಆಚೆ ದಡದ ಹಳ್ಳಿ, ಐವತ್ತೆರಡು ವಯಸ್ಸು. 2021ರ ಮೇ ತಿಂಗಳಲ್ಲಿ ಮನೆಮಂದಿಗೆಲ್ಲ ಕೊರೋನಾ ಬಂದು ಹೋಯಿತು. ಅವಳಿಗೆ ಒಂದು ದಿನವೂ ಉಸಿರಾಟದ ತೊಂದರೆ ಆಗಲಿಲ್ಲ. ಆದರೂ ಮಾತ್ರೆಗಳ ಪೊಟ್ಟಣದಲ್ಲಿ ಸಣ್ಣ ಬಿಳಿ ಗುಳಿಗೆಗಳು ಇದ್ದವು, ಹತ್ತು ದಿನಕ್ಕೆ ಸಾಲುವಷ್ಟು. ಅದು ಸ್ಟೀರಾಯ್ಡ್ ಎಂದು ಅವಳಿಗೆ ಯಾರೂ ಹೇಳಲಿಲ್ಲ.

ಜೂನ್ ಹಿಡಿದ ಮೇಲೆ ಒಂದು ದಿನ ಎಡಗೆನ್ನೆ ಭಾರವಾಯಿತು. ಅಂದೇ ಮಗನನ್ನು ಕಳಿಸಿ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತರಿಸಿದಳು. ಮೂರನೆಯ ದಿನ ಮೇಲಿನ ದವಡೆಯ ಹಲ್ಲು ನೋಯತೊಡಗಿತು. ಲಾಕ್‌ಡೌನು, ಹಲ್ಲಿನ ಡಾಕ್ಟರು ಬಾಗಿಲು ತೆಗೆದಿರಲಿಲ್ಲ. ನಾಲ್ಕನೆಯ ದಿನ ದೋಣಿ ದಾಟಿ, ರಿಕ್ಷಾ ಹಿಡಿದು ಪೇಟೆಯ ಕ್ಲಿನಿಕ್ಕಿಗೆ ಹೋದಳು. ‘ಕೆನ್ನೆ ಮುಟ್ಟಿದರೆ ಮುಟ್ಟಿದ ಹಾಗೇ ಆಗ್ತಿಲ್ಲ ಡಾಕ್ಟ್ರೇ’ ಎಂದು ಹೇಳಿದಳಂತೆ. ‘ಎಂತ ಇಲ್ಲಮ್ಮ, ಸೈನಸ್ಸು. ಹಬೆ ತಗೊಳ್ಳಿ’ ಎಂಬ ಉತ್ತರ, ಜೊತೆಗೆ ಒಂದು ಇಂಜೆಕ್ಷನ್. ಆರನೆಯ ದಿನ ಎಡಗಣ್ಣಿನ ರೆಪ್ಪೆ ಜೋತುಬಿತ್ತು, ಒಂದು ದೀಪ ಎರಡಾಗಿ ಕಂಡಿತು. ಏಳನೆಯ ದಿನ ಇನ್ನೊಂದು ಕಡೆ ಒಬ್ಬ ನರ್ಸಮ್ಮ, ಯಾರೂ ಹೇಳದೆ ತಾನಾಗಿಯೇ, ಬೆರಳು ಚುಚ್ಚಿ ನೋಡಿದರು. ಸಕ್ಕರೆ 418. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಆವತ್ತೇ ಮೊದಲು ತಿಳಿದದ್ದು. ಎಂಟನೆಯ ದಿನವೆಲ್ಲ ಹಾಸಿಗೆ ಹುಡುಕುವುದರಲ್ಲಿ, ಫೋನಿನಲ್ಲಿ ಹೋಯಿತು. ಒಂಬತ್ತನೆಯ ದಿನ ದೂರದ ದೊಡ್ಡ ಆಸ್ಪತ್ರೆಯಲ್ಲಿ ಮೂಗಿನೊಳಗೆ ದುರ್ಬೀನು ಹಾಕಿ ನೋಡಿದರು, ಆ ಸಂಜೆಯೇ ರೋಗ ಗೊತ್ತಾಯಿತು, ಮರುದಿನ ಶಸ್ತ್ರಚಿಕಿತ್ಸೆ. ಜೀವ ಉಳಿಯಿತು. ಎಡಗಣ್ಣು, ಅಂಗಳದ ಅರ್ಧ, ಒಂದು ಸಾಲು ಹಲ್ಲು ಹೋದವು.

ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ತಡವಾಗಿ ಬಂದ ರೋಗಿ ಎಂದು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಇರಲಿಲ್ಲವಾಗಿ ನನಗೆ ಓದಲು ಕೊಟ್ಟರು. ನಾನು ಬೆರಳು ಮಡಚಿ ಎಣಿಸಿದೆ. ಮೊದಲ ದಿನವೇ ಅವಳು ಔಷಧ ಕೇಳಿದ್ದಾಳೆ. ನಾಲ್ಕನೆಯ ದಿನ ಡಾಕ್ಟರ ಎದುರು ಕುಳಿತು, ಕೆನ್ನೆ ಜೋಮು ಹಿಡಿದಿದೆ ಎಂದು ಬಾಯಿಬಿಟ್ಟು ಹೇಳಿದ್ದಾಳೆ. ಒಂದೇ ಕಡೆಯ ಕೆನ್ನೆಯ ಜೋಮು, ಒಂದೇ ಕಡೆಯ ಹಲ್ಲುನೋವು, ಹಿಂದೆಯೇ ಕೊರೋನಾ, ಹತ್ತು ದಿನದ ಸ್ಟೀರಾಯ್ಡ್. ಈ ನಾಲ್ಕು ಸೇರಿದರೆ ಏನೆಂದು ಆಗ ಪತ್ರಿಕೆಯ ಮುಖಪುಟದಲ್ಲೇ ಬರುತ್ತಿತ್ತು. ಹಾಗಾದರೆ ತಡವಾಗಿ ಬಂದವರು ಯಾರು? ಸಕ್ಕರೆ ಪರೀಕ್ಷೆ ತಡವಾಗಿ ಬಂತು, ಅನುಮಾನ ತಡವಾಗಿ ಬಂತು, ಹಾಸಿಗೆ ತಡವಾಗಿ ಬಂತು. ಚಿಕ್ಕಮ್ಮ ಸರಿಯಾದ ಸಮಯಕ್ಕೇ ಬಂದಿದ್ದಳು.

ಈಗ ‘ಸೈನಸ್’ ಎಂಬ ಪದದ ವಿಚಾರ. ನಮ್ಮ ಕರಾವಳಿಯಲ್ಲಿ ಅದೊಂದು ಮನೆಮಾತು. ಆರು ತಿಂಗಳು ಒದ್ದೆ ಗಾಳಿ, ಮೂಗು ಕಟ್ಟದ ಮನೆಯಿಲ್ಲ. ಆದರೆ ಸೈನಸ್ ಎಂಬುದು ರೋಗದ ಹೆಸರಲ್ಲ, ಜಾಗದ ಹೆಸರು. ಮುಖದ ಮೂಳೆಗಳೊಳಗಿನ ಗಾಳಿಯ ಗೂಡುಗಳು ಅವು. ‘ನಿಮಗೆ ಸೈನಸ್ಸು’ ಎಂದರೆ ‘ನಿಮಗೆ ಹೊಟ್ಟೆ’ ಎಂದ ಹಾಗೆ. ಹೊಟ್ಟೆಯಲ್ಲಿ ಏನು ಎಂದು ಕೇಳುವುದಿಲ್ಲವೇ? ಸೈನಸ್ಸಿನಲ್ಲಿ ಏನು ಎಂದೂ ಕೇಳಬೇಕು. ಬಹುಪಾಲು ಅದು ನೆಗಡಿಯ ಬಳುವಳಿ, ತಾನಾಗಿ ಹೋಗುತ್ತದೆ. ಬೂಷ್ಟಿನಿಂದಾದರೂ ಎಲ್ಲವೂ ಅಪಾಯದ್ದಲ್ಲ. ಕೆಲವರಿಗೆ ಅದು ಅಲರ್ಜಿಯಾಗಿ ಗಟ್ಟಿ ಸಿಂಬಳ ತುಂಬಿಸುತ್ತದೆ, ಕೆಲವರ ಸೈನಸ್ಸಿನಲ್ಲಿ ಉಂಡೆ ಕಟ್ಟಿ ಸುಮ್ಮನೆ ಕೂತಿರುತ್ತದೆ, ಅದನ್ನು ತೆಗೆದುಹಾಕಿದರೆ ಮುಗಿಯಿತು. ಮೂಳೆ, ರಕ್ತನಾಳ ಕೊರೆದು ಹೊರಬರುವುದು ಬೇರೆಯೇ ಬಗೆ. ಅದರಲ್ಲಿ ತಿಂಗಳುಗಟ್ಟಲೆ ಮೆಲ್ಲಗೆ ಹರಡುವುದೂ ಇದೆ, ದಿನಗಳಲ್ಲಿ ಕೊಲ್ಲುವುದೂ ಇದೆ. ಆದ್ದರಿಂದ ಎಲ್ಲ ತಲೆನೋವಿಗೂ ಹೆದರಿ ಓಡಿ ಎಂದು ನಾನು ಹೇಳುತ್ತಿಲ್ಲ. ಯಾವ ತಲೆನೋವಿಗೆ ಓಡಬೇಕು ಎಂಬುದನ್ನು ಹೆಂಗಸರಿಂದ ಮುಚ್ಚಿಡಬೇಡಿ ಎನ್ನುತ್ತಿದ್ದೇನೆ.

ನಮ್ಮ ತೋಟದ ಸೀಮೆಯವರಿಗೆ ಈ ಮಾತು ಬೇಗ ತಿಳಿಯಬೇಕು. ಅಡಿಕೆಗೆ ಕೊಳೆರೋಗ ಬರುತ್ತದೆಂದು ಮಳೆ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ಕದಡಿ ಕೊನೆಗೌಡನನ್ನು ಮರ ಹತ್ತಿಸುತ್ತೇವೆ. ಒಂದು ಗೊನೆಯಲ್ಲಿ ನಾಲ್ಕು ಕಾಯಿ ಕೊಳೆತು ಬಿದ್ದರೆ ಮನೆಯ ಯಜಮಾನರಿಗೆ ನಿದ್ದೆಯಿಲ್ಲ, ಎರಡನೆಯ ಮದ್ದಿಗೆ ಓಡಾಟ. ಅದೇ ಮನೆಯ ಹೆಂಗಸಿನ ಕೆನ್ನೆ ಬಾತರೆ ‘ನಾಲ್ಕು ದಿನ ನೋಡುವಾ’. ಅಡಿಕೆಗೆ ಕ್ವಿಂಟಾಲಿನ ಲೆಕ್ಕದಲ್ಲಿ ಬೆಲೆಯಿದೆ, ಹೆಂಗಸಿನ ಮುಖಕ್ಕೆ ಯಾವ ಪೇಟೆಯಲ್ಲೂ ದರ ಕಟ್ಟಿಲ್ಲ.

ಸಕ್ಕರೆಯ ವಿಷಯದಲ್ಲೂ ಹೀಗೆಯೇ. ನಮ್ಮ ಪೇಟೆಗಳ ಎಷ್ಟೋ ಮನೆಗಳಲ್ಲಿ ಈಗ ಗ್ಲೂಕೋಮೀಟರ್ ಇದೆ. ಅದು ಯಾರದು? ಮಾವನದು, ಗಂಡನದು. ಅವರಿಗೆ ಗೋಧಿ ರೊಟ್ಟಿ ಬೇರೆ, ಸಕ್ಕರೆ ಹಾಕದ ಚಹಾ ಬೇರೆ, ಅದನ್ನೆಲ್ಲ ಹೊತ್ತುಹೊತ್ತಿಗೆ ಮಾಡಿಕೊಡುವವಳು ಅವಳು. ಆ ಯಂತ್ರಕ್ಕೆ ಅವಳ ಬೆರಳಿನ ಪರಿಚಯವೇ ಇಲ್ಲ. ಹೆರಿಗೆಯ ಹೊತ್ತಿಗೆ ಒಮ್ಮೆ ರಕ್ತ ಕೊಟ್ಟವಳು ಮುಂದೆ ಇಪ್ಪತ್ತೈದು ವರ್ಷ ಪರೀಕ್ಷೆಯ ಗೊಡವೆಗೆ ಹೋಗಿರುವುದಿಲ್ಲ. ಬಾಯಾರಿಕೆಗೆ ಸೆಖೆ ಕಾರಣ, ಸುಸ್ತಿಗೆ ಕೆಲಸ ಕಾರಣ, ರಾತ್ರಿ ನಾಲ್ಕು ಸಲ ಏಳುವುದಕ್ಕೆ ವಯಸ್ಸು ಕಾರಣ. ಹೀಗೆ ಎಲ್ಲಕ್ಕೂ ಒಂದೊಂದು ಕಾರಣ ಸಿಕ್ಕಿ ಸಕ್ಕರೆ ಕಾಯಿಲೆ ಮಾತ್ರ ಕಾರಣವೇ ಇಲ್ಲದೆ ಬೆಳೆಯುತ್ತದೆ.

ರೋಗ ಕಂಡುಹಿಡಿಯುವುದು ಹೇಗೆ ಎಂಬುದನ್ನು ತಿಳಿದ ಮೇಲೆ ನನ್ನ ಸಿಟ್ಟು ಇಮ್ಮಡಿಯಾಯಿತು. ಅದಕ್ಕೆ ಕೋಟಿಗಟ್ಟಲೆ ಬೆಲೆಯ ಯಂತ್ರವೇ ಬೇಕೆಂದು ನಾನು ತಿಳಿದಿದ್ದೆ. ಮೊದಲ ಹೆಜ್ಜೆ ಕಿವಿ ಮೂಗು ಗಂಟಲಿನ ತಜ್ಞರು ಸಣ್ಣ ದುರ್ಬೀನಿನಿಂದ ಮೂಗಿನೊಳಗೆ ನೋಡುವುದು. ಒಳಗಿನ ಪೊರೆ ಬಿಳಿಚಿದೆಯೇ, ಕಪ್ಪಾಗಿದೆಯೇ, ಮುಟ್ಟಿದರೆ ನೋವಿಲ್ಲವೇ, ಕೆರೆದರೆ ರಕ್ತ ಬರುವುದಿಲ್ಲವೇ ಎಂದು ನೋಡುತ್ತಾರೆ. ನೋವೂ ರಕ್ತವೂ ಇಲ್ಲದ ಜಾಗ ಸತ್ತ ಜಾಗ. ಅಲ್ಲಿಂದ ಒಂದು ಚೂರು ತೆಗೆದು ಗಾಜಿನ ಮೇಲಿಟ್ಟು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ಕ್ಷಾರದ ಹನಿ ಬಿಡುತ್ತಾರೆ. ಕ್ಷಾರ ಮಾಂಸವನ್ನು ಕರಗಿಸುತ್ತದೆ, ಬೂಷ್ಟಿನ ಎಳೆ ಕರಗದೆ ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಅಗಲವಾದ ರಿಬ್ಬನ್ನಿನಂಥ, ನಡುವೆ ಗೋಡೆಗಳು ಅಷ್ಟಾಗಿ ಇಲ್ಲದ ಎಳೆ ಕಂಡರೆ ಮ್ಯೂಕರ್. ಸಪೂರ, ಗಣ್ಣುಗಣ್ಣಾದ, ಕವೆಗೋಲಿನಂತೆ ಕವಲೊಡೆದ ಎಳೆಯಾದರೆ ಬಹುಶಃ ಆಸ್ಪರ್ಜಿಲಸ್ ಎಂಬ ಇನ್ನೊಂದು ಬೂಷ್ಟು. ಈ ವ್ಯತ್ಯಾಸ ಜಾಣತನದ ಪ್ರದರ್ಶನಕ್ಕಲ್ಲ. ಆಸ್ಪರ್ಜಿಲಸ್‌ಗೆ ನಾಟುವ ವೊರಿಕೊನಜೋಲ್ ಎಂಬ ಔಷಧ ಮ್ಯೂಕರ್‌ಗೆ ನಾಟುವುದಿಲ್ಲ. ತಪ್ಪು ತಿಳಿದರೆ ತಪ್ಪು ಔಷಧ, ಅಷ್ಟು ದಿನ ರೋಗಕ್ಕೆ ರಜೆಯಿಲ್ಲ.

ಈ ಗಾಜಿನ ಪರೀಕ್ಷೆಯ ಉತ್ತರ ಕೆಲವೇ ಗಂಟೆಗಳಲ್ಲಿ ಸಿಗುತ್ತದೆ. ಬೂಷ್ಟನ್ನು ಬೆಳೆಸಿ ನೋಡುವ ಪರೀಕ್ಷೆಗೆ ದಿನಗಳು ಬೇಕು, ಎಷ್ಟೋ ಸಲ ಅದು ಬೆಳೆಯುವುದೂ ಇಲ್ಲ. ಮಾಂಸದ ಚೂರಿನ ಪೂರ್ಣ ಪರೀಕ್ಷೆ ಬೇಕೇ ಬೇಕು, ಆದರೆ ಅದರ ವರದಿಗಾಗಿ ಕೈಕಟ್ಟಿ ಕೂರುವಂತಿಲ್ಲ. ಸಿ.ಟಿ., ಎಂ.ಆರ್.ಐ. ಚಿತ್ರಗಳು ರೋಗ ಎಲ್ಲಿಯವರೆಗೆ ಹೋಗಿದೆ ಎಂದು ತೋರಿಸುತ್ತವೆ, ಎಲ್ಲಿಯವರೆಗೆ ಕತ್ತರಿಸಬೇಕೆಂದು ಶಸ್ತ್ರವೈದ್ಯರಿಗೆ ತಿಳಿಸುತ್ತವೆ. ಎಲ್ಲಕ್ಕೂ ಮೊದಲಿನದು ಅನುಮಾನ. ಅನುಮಾನಕ್ಕೆ ಖರ್ಚಿಲ್ಲ.

ಚಿಕಿತ್ಸೆಗೆ ಮೂರು ಕಾಲು, ಒಂದು ಮುರಿದರೂ ಮಣೆ ನಿಲ್ಲುವುದಿಲ್ಲ. ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆಯಬೇಕು, ಏಕೆಂದರೆ ರಕ್ತ ಹೋಗದ ಜಾಗಕ್ಕೆ ರಕ್ತದ ಮೂಲಕ ಕೊಟ್ಟ ಔಷಧ ತಲುಪುವುದಿಲ್ಲ. ಆಂಫೋಟೆರಿಸಿನ್ ಎಂಬ ಔಷಧವನ್ನು ವಾರಗಟ್ಟಲೆ ನರಕ್ಕೆ ಕೊಡಬೇಕು. ಸಕ್ಕರೆಯನ್ನು ಇನ್ಸುಲಿನ್‌ನಿಂದ ಹಿಡಿತಕ್ಕೆ ತರಬೇಕು, ಸ್ಟೀರಾಯ್ಡನ್ನು ವೈದ್ಯರ ಮಾತಿನಂತೆ ಇಳಿಸಬೇಕು. ಆಂಫೋಟೆರಿಸಿನ್ ಸುಲಭದ ಔಷಧವಲ್ಲ. ಚಳಿ ನಡುಕ ತರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ರಕ್ತದ ಪೊಟ್ಯಾಸಿಯಮ್ ಇಳಿಸುತ್ತದೆ. ಈ ಪೆಟ್ಟು ಕಡಿಮೆ ಇರುವ ಲೈಪೋಸೋಮಲ್ ಎಂಬ ಬಗೆಯಿದೆ, ಅದು ದುಬಾರಿ. ಅರುವತ್ತು ಕಿಲೋ ತೂಕದವಳಿಗೆ ಕಿಲೋಗೆ 5 ಮಿಲಿಗ್ರಾಂ ಹಿಡಿದರೂ ದಿನಕ್ಕೆ 300 ಮಿಲಿಗ್ರಾಂ ಆಯಿತು, ಅಂದರೆ 50 ಮಿಲಿಗ್ರಾಂನ ಆರು ಬಾಟಲಿ. ಇದನ್ನು ವಾರಗಳಿಂದ ಗುಣಿಸಿ. 2021ರ ಮೇ ತಿಂಗಳಲ್ಲಿ ಇದೇ ಬಾಟಲಿಗಾಗಿ ಜನ ಊರೂರು ಅಲೆದರು. ಅದರ ಮೇಲಿನ ಜಿಎಸ್‌ಟಿ ತೆಗೆಯುವ ತೀರ್ಮಾನವಾದದ್ದು ಜೂನ್ 12ಕ್ಕೆ, ಅದೂ ಕೆಲವು ತಿಂಗಳ ಮಟ್ಟಿಗೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಲ್ಲಿ ಸರಕಾರಕ್ಕೂ ‘ತಡವಾಗಿ ಬಂದಿತು’ ಎಂದು ಯಾರಾದರೂ ಕಾಗದದಲ್ಲಿ ಬರೆದರೇ?

ಈ ಔಷಧದ ಕುಲದಲ್ಲಿ ನಮಗೆ ಹೆಮ್ಮೆ ತರುವ ಒಂದು ಸಂಗತಿಯಿದೆ. ಮನುಷ್ಯರಿಗೆ ಕೊಡಬಹುದಾದ, ಬೂಷ್ಟನ್ನು ಕೊಲ್ಲುವ ಮೊದಲ ಒಳ್ಳೆಯ ಔಷಧ ನಿಸ್ಟಾಟಿನ್. ಅದನ್ನು ಕಂಡುಹಿಡಿದವರು ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ಹೆಂಗಸರು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ನೌಕರರು. ಒಬ್ಬಾಕೆ ಒಂದು ಊರಿನಲ್ಲಿ, ಇನ್ನೊಬ್ಬಾಕೆ ಇನ್ನೊಂದು ಊರಿನಲ್ಲಿ, ಮಣ್ಣಿನ ಮಾದರಿಗಳನ್ನು ಜಾಡಿಗಳಲ್ಲಿ ಅಂಚೆಯ ಮೂಲಕ ಕಳಿಸಿಕೊಳ್ಳುತ್ತ 1950ರಲ್ಲಿ ಫಲ ಕಂಡರು. ಬಂದ ಗೌರವಧನವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ವಿಜ್ಞಾನದ ಸಂಶೋಧನೆಗೆ ಬಿಟ್ಟುಕೊಟ್ಟರು. ಅದೇ ದಶಕದಲ್ಲಿ ವೆನೆಜುವೆಲಾದ ಓರಿನೋಕೋ ನದಿಯ ಕಡೆಯ ಮಣ್ಣಿನಿಂದ ಬಂದ ಆಂಫೋಟೆರಿಸಿನ್ ಅದೇ ಕುಲದ್ದು. ಇಬ್ಬರು ಹೆಂಗಸರು ಮಣ್ಣು ಜಾಲಾಡಿ ಜಗತ್ತಿಗೆ ತೆರೆದ ದಾರಿಯಲ್ಲಿ ನಮ್ಮ ಹೊನ್ನಾವರದ ಹೆಂಗಸಿಗೆ ಇಷ್ಟು ಹೊತ್ತಾಗಿ ಔಷಧ ಸಿಗುವುದೆಂದರೆ ಅದು ಯಾರ ನಾಚಿಕೆ?

ಶಸ್ತ್ರಚಿಕಿತ್ಸೆಯ ಬಾಗಿಲಲ್ಲಿ ಇನ್ನೊಂದು ತಡ ಕಾದಿರುತ್ತದೆ. ಅದು ನಮ್ಮ ಮನೆಗಳದು. ‘ಮುಖ ಕೆಡ್ತದಾ?’ ಎಂದು ಕೇಳುತ್ತಾರೆ. ಮದುವೆಗೆ ಬಂದ ಮಗಳಿದ್ದಾಳೆ, ತಾಯಿಗೆ ಕಣ್ಣು ಹೋದರೆ ನೆಂಟರು ಏನೆನ್ನುತ್ತಾರೆ? ಆಯುರ್ವೇದ ನೋಡಿದರಾಗದೇ? ದೇವಸ್ಥಾನದಲ್ಲಿ ಒಂದು ಮಾತು ಕೇಳಿಬಂದರಾಗದೇ? ಈ ಚರ್ಚೆ ನಡೆಯುವಾಗ ಅವಳನ್ನು ಯಾರೂ ಕೇಳಿರುವುದಿಲ್ಲ. ಗಂಡಸಿನ ಕಣ್ಣಾದರೆ ‘ಜೀವ ಉಳಿದರೆ ಸಾಕು’ ಎಂದು ಅರ್ಧ ಗಂಟೆಯಲ್ಲಿ ರುಜು ಬೀಳುತ್ತದೆ. ಹೆಂಗಸಿನ ಮುಖ ಮಾತ್ರ ಮನೆತನದ ಆಸ್ತಿ, ಅದಕ್ಕೆ ಪಂಚಾಯಿತಿಕೆ ಬೇಕು. ತೆಗೆದ ಅಂಗಳಕ್ಕೆ ದಂತವೈದ್ಯರು ಅಚ್ಚು ತೆಗೆದು ಮುಚ್ಚಳದಂಥ ತಟ್ಟೆ ಮಾಡಿಕೊಡುತ್ತಾರೆ, ಅದನ್ನು ಹಾಕಿಕೊಂಡರೆ ಊಟವೂ ಮಾತೂ ಸಾಧ್ಯ. ಕೃತಕ ಕಣ್ಣು ಕೂಡಿಸುತ್ತಾರೆ. ಇನ್ನೂ ಒಂದು ಮಾತು, ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಗುಣವಾಗಿ ಬಂದವಳ ತಟ್ಟೆ ಲೋಟ ಬೇರೆ ಇಡುವವರು ಅಜ್ಞಾನಕ್ಕೆ ಮಡಿಯ ಸೀರೆ ಉಡಿಸುತ್ತಿದ್ದಾರೆ, ಅಷ್ಟೆ.

ಹಬೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಕಟ್ಟಿದ ಮೂಗಿಗೆ ಹಬೆ ಹಿತ, ಬೇಡವೆನ್ನಲಾರೆ. ಆದರೆ ರಕ್ತನಾಳದೊಳಗೆ ಬೇರು ಬಿಟ್ಟ ಬೂಷ್ಟಿಗೆ ಹಬೆ ಏನು ಮಾಡೀತು? ಆ ವರ್ಷ ಈರುಳ್ಳಿಯ ಸಿಪ್ಪೆಯ ಕರಿಯಿಂದ, ಫ್ರಿಜ್ಜಿನ ಬಾಗಿಲಿನ ರಬ್ಬರಿನಿಂದ ರೋಗ ಬರುತ್ತದೆಂದು ಮೊಬೈಲಿನಲ್ಲಿ ಸುದ್ದಿ ಹಬ್ಬಿತು. ಅದು ಸುಳ್ಳು. ಆದರೂ ಎಷ್ಟೋ ಗೃಹಿಣಿಯರು ಹಗಲಿಡೀ ಫ್ರಿಜ್ ತಿಕ್ಕಿದರು. ನೋಡಿ ನಮ್ಮ ಲೋಕದ ನ್ಯಾಯ: ರೋಗದ ಮೂಲ ಹುಡುಕಲು ಹೊರಟವರು ಕೊನೆಗೆ ಅಡಿಗೆಮನೆಗೇ ಬಂದು ನಿಂತರು, ಔಷಧದ ಚೀಟಿಯ ಕಡೆ ತಿರುಗಲಿಲ್ಲ.

ಇನ್ನು ಆಸ್ಪತ್ರೆಯ ಕೂಗು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ., ಹೊನ್ನಾವರದಿಂದ ಸುಮಾರು 125, ಕುಮಟಾದಿಂದ ಸುಮಾರು 145. ಹುಬ್ಬಳ್ಳಿಗೆ ಹೋಗುವುದಾದರೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ 160ರಷ್ಟು. ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ, ಆದರೂ ಆಂಬುಲೆನ್ಸುಗಳ ಮುಖ ದಕ್ಷಿಣಕ್ಕೇ ಇರುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ತೀರಿಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಕಾರವಾರದ ಹೆದ್ದಾರಿಯೇ ಮುಚ್ಚಿಹೋಯಿತು. ದಕ್ಷಿಣಕ್ಕೊಂದು ಶಿರೂರು, ಉತ್ತರಕ್ಕೊಂದು ಶಿರೂರು, ನಡುವೆ ನಾವು.

2019ರಲ್ಲೂ 2022ರಲ್ಲೂ ಜಿಲ್ಲೆಯ ಯುವಕ ಯುವತಿಯರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ದನಿಯೆತ್ತಿದರು, ‘ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ’ ಎಂದರು. ಆ ಬೇಡಿಕೆ ನ್ಯಾಯವಾದದ್ದು, ನನ್ನ ದನಿಯೂ ಅದರಲ್ಲಿದೆ. ಆದರೆ ಅದಕ್ಕೆ ಬಂದ ಉತ್ತರಗಳೆಲ್ಲ ಕಟ್ಟಡದ ಮಾತು: ಎಷ್ಟು ಎಕರೆ, ಯಾವ ಊರು, ಎಷ್ಟು ಹಾಸಿಗೆ. ಮೂಗಿಗಿಂತ ಮೂಗುತಿ ಭಾರ ಎಂಬುದು ಇದಕ್ಕೇ. ಕಟ್ಟಡ ಏಳುವವರೆಗೆ ನಮ್ಮ ಮೂಗು ಕಾಯುವುದಿಲ್ಲ. ನಾಳೆಯೇ ಮಾಡಬಹುದಾದ ಕೆಲಸಗಳಿವೆ. ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರದ ಎಲ್ಲ ದಿನ ಸಿಗುವ ಕಿವಿ ಮೂಗು ಗಂಟಲಿನ ವೈದ್ಯರು, ಮೂಗಿನ ದುರ್ಬೀನು. ಮಲೇರಿಯಾಕ್ಕೆ, ಕ್ಷಯಕ್ಕೆ ಗಾಜು ನೋಡುವ ಪ್ರಯೋಗಾಲಯದಲ್ಲೇ ಒಂದು ಬಾಟಲಿ ಕ್ಷಾರ, ಅದನ್ನು ನೋಡಲು ತರಬೇತಿಯಾದವರು. ಮೊದಲ ಕೆಲವು ದಿನಕ್ಕಾಗುವಷ್ಟು ಆಂಫೋಟೆರಿಸಿನ್ ಜಿಲ್ಲೆಯೊಳಗೇ ದಾಸ್ತಾನು. ಸ್ಟೀರಾಯ್ಡ್ ಬರೆಯುವ ಯಾರೇ ಆಗಲಿ ಮೊದಲು ಸಕ್ಕರೆ ನೋಡಬೇಕೆಂಬ ಕಟ್ಟುನಿಟ್ಟು. ಕೊನೆಯದಾಗಿ ಕನ್ನಡದಲ್ಲಿ ಬರೆದ ಡಿಸ್ಚಾರ್ಜ್ ಕಾಗದ. ಡಾ. ಅನುಪಮಾ ನಿರಂಜನ ಹೆಂಗಸರ ದೇಹದ ಎಲ್ಲ ವಿಚಾರಗಳನ್ನೂ ಕನ್ನಡದಲ್ಲೇ ಬರೆದು ಮನೆಮನೆ ತಲುಪಿಸಿದ ನಾಡು ಇದು. ಕನ್ನಡದಲ್ಲಿ ಹೇಳಲಾಗದು ಎಂಬ ನೆಪವನ್ನು ನಾನು ಒಪ್ಪಲಾರೆ.

‘ಎಲ್ಲೋ ಕೆಲವರಿಗೆ ಬರುವ ರೋಗಕ್ಕೆ ಇಷ್ಟೆಲ್ಲ ಏಕೆ?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಆದರೆ ನಾನು ಕೇಳಿದ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಸಕ್ಕರೆ ಅಳೆಯುವುದು ಈ ಒಂದು ರೋಗಕ್ಕೆ ಮಾತ್ರವೇ? ಹೃದಯ, ಮೂತ್ರಪಿಂಡ, ಕಾಲಿನ ಹುಣ್ಣು, ಕಣ್ಣಿನ ಪರದೆ ಎಲ್ಲಕ್ಕೂ ಅದೇ ಮೊದಲ ಮೆಟ್ಟಿಲು. ಕಿವಿ ಮೂಗಿನ ವೈದ್ಯರು ಬೂಷ್ಟಿಗೆ ಮಾತ್ರವೇ? ಮಗುವಿನ ಕಿವಿ ಸೋರುವುದಕ್ಕೂ ಗಂಟಲಿನ ಕ್ಯಾನ್ಸರಿಗೂ ಅವರೇ. ಹೆಂಗಸು ಹೇಳಿದ ನೋವನ್ನು ನಂಬುವುದಂತೂ ಎಲ್ಲ ರೋಗಕ್ಕೂ ಬೇಕಾದ ಔಷಧ. ಕೆಲವರ ರೋಗಕ್ಕೆ ಸಿದ್ಧವಾದ ಆಸ್ಪತ್ರೆ ಎಲ್ಲರ ರೋಗಕ್ಕೂ ಸಿದ್ಧವಾಗಿರುತ್ತದೆ.

ಅಕ್ಕತಂಗಿಯರೇ, ಸರಕಾರ ಮಾಡುವುದನ್ನು ಮಾಡಲಿ, ಅದಕ್ಕಾಗಿ ಜಗಳ ಆಡೋಣ. ಅಲ್ಲಿಯವರೆಗೆ ಇಷ್ಟನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಸಕ್ಕರೆ ಇದ್ದವರಿಗೆ, ಸ್ಟೀರಾಯ್ಡ್ ತೆಗೆದುಕೊಂಡವರಿಗೆ, ಮುಖದ ಒಂದೇ ಕಡೆ ನೋವು, ಬಾವು ಅಥವಾ ಜೋಮು, ಮೂಗಿನಿಂದ ಕಪ್ಪು ಅಥವಾ ರಕ್ತ ಬೆರೆತ ಸಿಂಬಳ, ಕಾರಣವಿಲ್ಲದೆ ಮೇಲಿನ ಹಲ್ಲಿನ ನೋವು ಅಥವಾ ಅಲುಗಾಟ, ಅಂಗಳದಲ್ಲಿ ಕಪ್ಪು ಕಲೆ, ಕಣ್ಣು ಊದುವುದು, ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು, ಇವುಗಳಲ್ಲಿ ಯಾವುದು ಬಂದರೂ ಆ ದಿನವೇ ಹೊರಡಿ, ನಾಳೆ ಎನ್ನಬೇಡಿ. ಡಾಕ್ಟರ ಎದುರು ಕುಳಿತಾಗ ‘ನನ್ನ ಸಕ್ಕರೆ ಎಷ್ಟಿದೆ ನೋಡಿ, ಮೂಗಿನೊಳಗೆ ನೋಡಿ’ ಎಂದು ಬಾಯಿಬಿಟ್ಟು ಕೇಳಿ. ಮಾತ್ರೆ ಕೊಟ್ಟರೆ ಇದರಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ಕೇಳಿ. ಈಗಾಗಲೇ ಸ್ಟೀರಾಯ್ಡ್ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಅದೂ ಅಪಾಯ. ಹೋದ ದಿನ, ಹೇಳಿದ ಮಾತು, ಕೊಟ್ಟ ಔಷಧ ಇವನ್ನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಹಾಲಿನ ಲೆಕ್ಕ ಬರೆಯುವವರಿಗೆ ಇದೇನು ಕಷ್ಟವಲ್ಲ.

ಮುಂದೊಂದು ದಿನ ಯಾರಾದರೂ ನಿಮ್ಮ ಕಾಗದದ ಮೇಲೆ ‘ತಡವಾಗಿ ಬಂದರು’ ಎಂದು ಬರೆಯಲು ಪೆನ್ನು ತೆಗೆದರೆ, ಆ ನೋಟ್‌ಬುಕ್ಕನ್ನು ಅವರ ಮೇಜಿನ ಮೇಲೆ ಬಿಡಿಸಿ ಇಡಿ. ಯಾರು ಯಾವ ದಿನ ಬಂದರು ಎಂಬುದನ್ನು ಅವರೂ ಓದಿ ನೋಡಲಿ.